ವೋಟಿನಲ್ಲಿ ಗೆದ್ದಿರಿ, ಕೆಲಸ ಯಾರು ಮಾಡುವುದು?

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ಮಣಿಪಾಲದಿಂದ ಫೋನ್ ಬಂತು. ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ. ಅವನೂ ಜೊತೆಗಾರರೂ ಸೇರಿ ಫೋನಿನಲ್ಲಿ ಕನ್ನಡ ಟೈಪ್ ಮಾಡುವ ಒಂದು ಕೀಬೋರ್ಡ್ ಆ್ಯಪ್ ನಡೆಸುತ್ತಾರೆ. ಕಂಪನಿ ಇಲ್ಲ, ಸಂಬಳ ಇಲ್ಲ. ಬಿಡುವಿದ್ದವರು ಬಿಡುವಿದ್ದಾಗ ಕೋಡ್ ಬರೆಯುವುದು, ಅಷ್ಟೇ.

"ಅಕ್ಕ, ವೋಟ್ ಆಯ್ತು. 9–8. ನಾವು ಗೆದ್ದದ್ದು."

"ಒಳ್ಳೇದಾಯ್ತಲ್ಲ ಮಾರಾಯ. ಮತ್ತೆಂತ ಸ್ವರ ಸಪ್ಪೆ?"

"ಈಗ ಬಿಲ್ಡ್ ಮಾಡ್ಲಿಕ್ಕೆ ಯಾರೂ ಇಲ್ಲ."

ಹೊಸ ಆವೃತ್ತಿ ತಯಾರು ಮಾಡಿ ಪ್ಲೇ ಸ್ಟೋರ್‌ಗೆ ಏರಿಸುತ್ತಿದ್ದವರು ಒಬ್ಬರೇ. ಅದಕ್ಕೆ ಸಹಿ ಹಾಕುವ ಕೀ ಕೂಡ ಅವರ ಲ್ಯಾಪ್‌ಟಾಪಿನಲ್ಲೇ ಇದ್ದದ್ದು. ಅದು ಇನ್ನೊಂದು ತಪ್ಪು, ಈಗ ಬಿಡಿ. ಅವರು ಸೋತ 8 ಮಂದಿಯಲ್ಲಿ ಒಬ್ಬರು. ಜಗಳ ಆಡಲಿಲ್ಲ, ರಾಜೀನಾಮೆ ಬರೆಯಲಿಲ್ಲ. ಸುಮ್ನೆ ನಿಲ್ಲಿಸಿಬಿಟ್ಟರು.

ನಾನು ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ 19 ವರ್ಷ ಆಯಿತು. ವಾರವಿಡೀ ಸಂಬಳದ ಕೆಲಸ, ವಾರದ ಕೊನೆಗೆ ಇಂಥ ಗುಂಪುಗಳು. ಮೊದಲು ನನ್ನನ್ನು ಕರೆಯುತ್ತಿದ್ದದ್ದು ಕೋಡ್ ಬರೆಯಲಿಕ್ಕೆ. ಈಗ ಜಾಸ್ತಿ ಕರೆಯುವುದು ಸಭೆ ನಡೆಸಲಿಕ್ಕೆ, ಮತ ಎಣಿಸಲಿಕ್ಕೆ, ಎಣಿಸಿದ ಮೇಲೆ ಹುಟ್ಟಿದ ತಕರಾರು ಬಿಡಿಸಲಿಕ್ಕೆ.

ಆಫೀಸಿನಲ್ಲಿ ಮ್ಯಾನೇಜರ್ ಹೇಳಿದ್ದು ನನಗೆ ಸರಿ ಕಾಣದಿದ್ದರೂ ಮಾಡುತ್ತೇನೆ. ಒಂದನೇ ತಾರೀಕಿಗೆ ಸಂಬಳ ಬರುತ್ತದಲ್ಲ. ಸ್ವಯಂಸೇವಕರಿಗೆ ಆ ಹಂಗಿಲ್ಲ. ವಿರುದ್ಧ ಎತ್ತಿದ ಕೈಯೇ ನಾಳೆ ಕೆಲಸ ಮಾಡಬೇಕಾದ ಕೈ. ಅದಕ್ಕೆ ಎಣಿಕೆಯಲ್ಲಿ ಸೋಲಿಸಿದ ಕೂಡಲೇ ವಿಷಯ ಮುಗಿಯಿತು ಅಂದುಕೊಂಡವರು ಮರುದಿನ ಬಿಲ್ಡ್ ಮಾಡುವವರನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಇದು ಮಣಿಪಾಲದ ಹುಡುಗರಿಗೆ ಮಾತ್ರ ಬಂದ ಕಷ್ಟ ಅಲ್ಲ. ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶವನ್ನು ತಯಾರಿಸಿ ಹಂಚುವ ಡೆಬಿಯನ್ ಯೋಜನೆ 1993ರಿಂದ ಸ್ವಯಂಸೇವಕರ ಬಲದಲ್ಲೇ ನಡೆಯುತ್ತಿದೆ. ಅದಕ್ಕೆ ಬರೆದಿಟ್ಟ ಸಂವಿಧಾನವೇ ಉಂಟು. ಆದರೂ 2014ರಲ್ಲಿ ಅಲ್ಲಿ ದೊಡ್ಡ ರಂಪ ಆಯಿತು. ಕಂಪ್ಯೂಟರ್ ಆನ್ ಮಾಡಿದಾಗ ತಾನು ಮೊದಲು ಎದ್ದು ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಒಂದು ಪ್ರೋಗ್ರಾಂ ಇರುತ್ತದೆ. ಹಳೆಯದನ್ನು ಬಿಟ್ಟು ಸಿಸ್ಟಮ್‌ಡಿ ತರುವುದೋ ಅಪ್‌ಸ್ಟಾರ್ಟ್ ತರುವುದೋ ಅಂತ ಚರ್ಚೆ. 8 ಮಂದಿಯ ತಾಂತ್ರಿಕ ಸಮಿತಿಯಲ್ಲಿ 4–4 ಬಂತು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು.

ನಿಯಮದ ಪ್ರಕಾರ ಎಲ್ಲವೂ ಸರಿ. ಆದರೆ ಗಲಾಟೆ ತಣಿಯಲಿಲ್ಲ. ಅದೇ ವರ್ಷದ ಕೊನೆಗೆ ಎಲ್ಲ ಡೆವಲಪರ್‌ಗಳೂ ಸೇರಿ ಇನ್ನೊಂದು ಮತದಾನ. ಅದರಲ್ಲಿ ಗೆದ್ದದ್ದು "ಇದಕ್ಕೆ ಇಂಥ ನಿರ್ಣಯವೇ ಬೇಕಾಗಿಲ್ಲ" ಅನ್ನುವ ಆಯ್ಕೆ! ಒಪ್ಪದ ಕೆಲವರು ಡೆವುವಾನ್ ಅಂತ ಬೇರೆ ಒಲೆ ಹಚ್ಚಿದರು. 2019ರಲ್ಲಿ ಮತ್ತೆ ಅದೇ ವಿಷಯಕ್ಕೆ ಮತದಾನ ಆಯಿತು.

ನಮ್ಮ ಕಡೆ ಮನೆ ಪಾಲಾದರೆ ಅಡಿಕೆ ತೋಟ ಅರ್ಧ ಆಗುತ್ತದೆ. ಸ್ವತಂತ್ರ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಹಾಗಾಗಿ ಇಬ್ಬರಿಗೂ ಇಡೀ ತೋಟ ಸಿಗುತ್ತದೆ. ಅರ್ಧ ಆಗುವುದು ಕೆಲಸದ ಆಳುಗಳು.

ಮರುದಿನ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಣಿಪಾಲಕ್ಕೆ ಹೋದೆ. ಟೈಗರ್ ಸರ್ಕಲ್ ಹತ್ತಿರ ಒಂದು ಅಂಗಡಿಯ ಮೇಲಿನ ಕೋಣೆ. ಹೊರಗೆ ಜೋರು ಮಳೆ, ಒಳಗೆ ಬನ್ಸ್ ಮತ್ತು ಚಾ. ಬಿಲ್ಡ್ ಮಾಡುತ್ತಿದ್ದ ಅಣ್ಣನಿಗೆ ನಾನೇ ಫೋನ್ ಮಾಡಿ ಬರಲಿಕ್ಕೆ ಹೇಳಿದ್ದೆ. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಯಾವಾಗ ಬೇಕಾದರೂ ಏಳುವವರ ಹಾಗೆ.

ಜಗಳದ ವಿಷಯ ಇದು. ಆ್ಯಪ್ ತೆರೆದಾಗ ಮೊದಲು ಬರುವ ವಿನ್ಯಾಸ, ಅಂದರೆ ಯಾವ ಕೀ ಒತ್ತಿದರೆ ಯಾವ ಅಕ್ಷರ ಅನ್ನುವ ಕ್ರಮ, ಯಾವುದಿರಬೇಕು? ಈಗ ಇರುವುದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿದವರಿಗೆ ಗೊತ್ತಿರುವಂಥದ್ದು. ಇನ್ನೊಂದು, ವೋಟಿನಲ್ಲಿ ಗೆದ್ದದ್ದು, ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮದಲ್ಲಿ ಮಾಡಿದ ಇನ್‌ಸ್ಕ್ರಿಪ್ಟ್. "ಕೆ" ಒತ್ತಿದರೆ ಎರಡರಲ್ಲೂ "ಕ" ಬರುತ್ತದೆ. ಆದರೆ "ಎಮ್" ಒತ್ತಿದರೆ ಒಂದರಲ್ಲಿ "ಮ", ಇನ್ನೊಂದರಲ್ಲಿ "ಸ". ಕೆ.ಪಿ. ರಾಯರು ಮಂಗಳೂರು ಹತ್ತಿರದ ನಮ್ಮ ಕಿನ್ನಿಕಂಬಳದವರು ಅನ್ನುವ ಊರಭಿಮಾನವೂ ಸೇರಿಕೊಂಡಿತ್ತು.

ನಾನು ಯಾವುದು ಚಂದ ಅಂತ ಕೇಳಲಿಲ್ಲ. ಕೇಳಿದ್ದಿಷ್ಟೇ: "ಇನ್‌ಸ್ಕ್ರಿಪ್ಟ್ ಬಂದ್ರೆ ಯಾರಿಗೆ ತಡ್ಕೊಳ್ಳಿಕ್ಕೆ ಆಗುದಿಲ್ಲ? ಯಾಕೆ?"

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮತ್ತೆ ಬಾಗಿಲ ಪಕ್ಕದಿಂದ ಸ್ವರ ಬಂತು. "ನನ್ನ ಅಮ್ಮನ ಫೋನಿನಲ್ಲಿ ಇದೇ ಆ್ಯಪ್ ಉಂಟು. ಅವರಿಗೆ 71 ವರ್ಷ. ಕೂತು ಕಲಿತದ್ದು. ನಾಳೆ ಅಪ್‌ಡೇಟ್ ಆದ ಕೂಡಲೇ 'ಮ' ಇದ್ದಲ್ಲಿ 'ಸ' ಬಂದ್ರೆ ಫೋನ್ ಕೆಳಗಿಡ್ತಾರೆ. ಮತ್ತೆ ನಂಗೆ ಅವರ ಮೆಸೇಜ್ ಬರುದಿಲ್ಲ."

ಗೆದ್ದ ಕಡೆಯ ಹುಡುಗಿಯೊಬ್ಬಳು ಬನ್ಸ್ ಕೆಳಗಿಟ್ಟಳು. "ಅಣ್ಣ, ಹಳಬರ ಫೋನಿನಲ್ಲಿ ಬದಲಾಯಿಸ್ಬೇಕು ಅಂತ ಯಾರು ಹೇಳಿದ್ದು? ಹೊಸತಾಗಿ ಹಾಕಿಕೊಳ್ಳುವವರಿಗೆ ಮಾತ್ರ ಅಲ್ವಾ?"

ಮತಪತ್ರ ತೆಗೆದು ನೋಡಿದೆವು. ಹಳಬರು, ಹೊಸಬರು ಅಂತ ಅದರಲ್ಲಿ ಒಂದಕ್ಷರ ಇರಲಿಲ್ಲ. 17 ಮಂದಿ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದರು. ನಾವು ಅದನ್ನು ಕೂಡಿಸಿ 9–8 ಅಂದಿದ್ದೆವು.

ಮುಂದಿನದು ಅರ್ಧ ಗಂಟೆಯ ಕೆಲಸ. ಈಗಾಗಲೇ ಬಳಸುವವರಿಗೆ ಇದ್ದದ್ದೇ ಇರಲಿ, ಹೊಸಬರಿಗೆ ಮೊದಲ ಸಲ ತೆರೆದಾಗ ಇನ್‌ಸ್ಕ್ರಿಪ್ಟ್ ತೋರಿಸಿ ಬೇಡವಾದರೆ ಬದಲಾಯಿಸುವ ದಾರಿ ಕೊಡುವುದು. ಒಬ್ಬರು ಮಾತ್ರ ಕೊನೆಗೂ ಒಪ್ಪಲಿಲ್ಲ. "ಹೊಸಬರು ಇನ್‌ಸ್ಕ್ರಿಪ್ಟ್ ಕೇಳಿದ್ದಾರೆ ಅಂತ ನಿಮ್ಮ ಹತ್ರ ಲೆಕ್ಕ ಉಂಟಾ?" ಅಂತ ಕೇಳಿದರು. ಲೆಕ್ಕ ಇರಲಿಲ್ಲ. ಅವರ ಆಕ್ಷೇಪವನ್ನು ಅವರ ಮಾತಿನಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿದೆವು. "ಒಪ್ಪಿದ್ದೇನೆ ಅಂತ ಬರೀಬೇಡಿ. ಅಡ್ಡ ಬರುದಿಲ್ಲ ಅಂತ ಬರೀರಿ" ಅಂದರು. ಹಾಗೇ ಬರೆದೆವು.

ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಅನ್ನುವ ಕೂಟದಲ್ಲಿ ಮತದಾನದಿಂದ ತೀರ್ಮಾನ ಮಾಡುವುದಿಲ್ಲ. ರಾಜರೂ ಬೇಡ, ಅಧ್ಯಕ್ಷರೂ ಬೇಡ, ವೋಟೂ ಬೇಡ, ಸುಮಾರು ಒಮ್ಮತ ಮತ್ತು ಓಡುವ ಕೋಡ್ ಸಾಕು ಅಂತ ಅಲ್ಲಿ 1992ರಲ್ಲಿ ಡೇವಿಡ್ ಕ್ಲಾರ್ಕ್ ಹೇಳಿದ್ದು ಈಗಲೂ ಅವರ ಬಾಯಲ್ಲಿ ಉಂಟು. ಕೈ ಎತ್ತುವ ಬದಲು ಅವರು ಬಾಯಿ ಮುಚ್ಚಿ "ಹ್ಮ್ಮ್" ಅಂತ ಗುನುಗುತ್ತಾರೆ. ಯಾವ ಕಡೆ ಗುನುಗು ಜೋರು ಅಂತ ಅಂದಾಜು ಸಿಗುತ್ತದೆ, ತಲೆ ಲೆಕ್ಕ ಸಿಗುವುದಿಲ್ಲ. ಸಿಗಬಾರದು ಅಂತಲೇ ಹಾಗೆ ಮಾಡುವುದು. 2014ರಲ್ಲಿ ಬಂದ ಆರ್‌ಎಫ್‌ಸಿ 7282 ಅನ್ನುವ ದಾಖಲೆ ಇದನ್ನೆಲ್ಲ ಬಿಡಿಸಿ ಹೇಳುತ್ತದೆ. ಆಕ್ಷೇಪಗಳಿಗೆಲ್ಲ ಉತ್ತರ ಸಿಗಬೇಕು, ಆದರೆ ಆಕ್ಷೇಪ ಎತ್ತಿದವರು ಕೇಳಿದ್ದನ್ನೆಲ್ಲ ಕೊಡಬೇಕು ಅಂತ ಇಲ್ಲ. 100 ಮಂದಿ ಪರ, 5 ಮಂದಿ ವಿರುದ್ಧ ಇದ್ದರೂ ಒಮ್ಮತ ಆಗದೇ ಇರಬಹುದು. 5 ಮಂದಿ ಪರ, 100 ಮಂದಿ ವಿರುದ್ಧ ಇದ್ದರೂ ಆಗಬಹುದು.

ಎರಡನೆಯದನ್ನು ಮೊದಲ ಸಲ ಓದಿದಾಗ ನನಗೂ ತಮಾಷೆ ಅನಿಸಿತ್ತು. ಮಂಗಳೂರಿನ ಇನ್ನೊಂದು ಗುಂಪಿನಲ್ಲಿ ನೋಡಿದ ಮೇಲೆ ಅರ್ಥ ಆಯಿತು. ಮತದಾನಕ್ಕೆ ನಾಲ್ಕು ದಿನ ಇರುವಾಗ ಒಂದೇ ಆಫೀಸಿನ 11 ಮಂದಿ ಒಟ್ಟಿಗೆ ಸದಸ್ಯರಾದರು. ಯಾರೂ ಒಂದು ಸಾಲು ಕೋಡ್ ಬರೆದವರಲ್ಲ, ಒಂದು ದೋಷ ವರದಿ ಮಾಡಿದವರಲ್ಲ. "ನನ್ನದೂ ಅದೇ ಅಭಿಪ್ರಾಯ" ಅಂತ 11 ಸಲ ಕೇಳಿದರೂ ಹೊಸ ಕಾರಣ ಒಂದೂ ಇರಲಿಲ್ಲ. ನಮ್ಮ ಯುವಕ ಮಂಡಲಗಳ ಮಹಾಸಭೆ ನೋಡಿದವರಿಗೆ ಇದೇನು ಹೊಸತಲ್ಲ, ಅಲ್ವಾ? ಮತದಾರರ ಪಟ್ಟಿಯನ್ನು ಪ್ರಶ್ನೆ ಏಳುವ ಮೊದಲೇ ಗಟ್ಟಿ ಮಾಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 5 ಮಂದಿಯ ಆಡಳಿತ ಮಂಡಳಿಯಲ್ಲಿ ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವ ಹಾಗಿಲ್ಲ. ಡೆಬಿಯನ್‌ನಲ್ಲಿ ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದ ಕನಿಷ್ಠ ಮಂದಿಯ ಲೆಕ್ಕ ವಿಚಿತ್ರ: ಡೆವಲಪರ್‌ಗಳ ಸಂಖ್ಯೆಯ ವರ್ಗಮೂಲದ ಅರ್ಧ, ಅದರ ಮೂರು ಪಟ್ಟು. 1000 ಮಂದಿ ಇದ್ದರೆ 48 ಮಂದಿಯಾದರೂ ಆ ಆಯ್ಕೆಯ ಪರ ಇರಬೇಕು. ಎಲ್ಲರೂ ಬರಲೇಬೇಕು ಅಂತ ಇಟ್ಟರೆ ಸ್ವಯಂಸೇವಕರ ಗುಂಪಿನಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ.

ದಿನನಿತ್ಯದ ಸಣ್ಣ ತೀರ್ಮಾನಗಳಿಗೆ ಇಷ್ಟೆಲ್ಲ ಬೇಡ. ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತೇವಲ್ಲ, ಅಪಾಚೆ ಅನ್ನುವ ಪ್ರತಿಷ್ಠಾನದ ತಂತ್ರಾಂಶ ಯೋಜನೆಗಳು ಅದನ್ನೇ ನಿಯಮ ಮಾಡಿಕೊಂಡಿವೆ. ಇಂಥದ್ದು ಮಾಡುತ್ತೇನೆ ಅಂತ ಮೊದಲೇ ತಿಳಿಸುವುದು, ಸಾಮಾನ್ಯವಾಗಿ 72 ಗಂಟೆ ಕಾಯುವುದು, ಯಾರೂ ಬೇಡ ಅನ್ನದಿದ್ದರೆ ಮುಂದುವರಿಯುವುದು. ಕೋಡ್ ಬದಲಾವಣೆಗೆ ಅಲ್ಲಿ ಒಬ್ಬರೇ "ಮೈನಸ್ ಒಂದು", ಅಂದರೆ ಬೇಡ ಅನ್ನುವ ಮತ, ಹಾಕಿದರೂ ತಡೆ ಬೀಳುತ್ತದೆ. ಆದರೆ ತಾಂತ್ರಿಕ ಕಾರಣ ಕೊಡಲೇಬೇಕು. ಕೊಡದಿದ್ದರೆ ಅದು ತಡೆಯೇ ಅಲ್ಲ. ಹೊಸ ಆವೃತ್ತಿ ಬಿಡುಗಡೆಗೆ ಮಾತ್ರ ಹಾಗೆ ತಡೆ ಹಾಕಲಿಕ್ಕೆ ಬರುವುದಿಲ್ಲ, ಬೇಕು ಅನ್ನುವ "ಪ್ಲಸ್ ಒಂದು" ಮತ ಕನಿಷ್ಠ 3 ಇರಬೇಕು, ಮೈನಸ್‌ಗಿಂತ ಪ್ಲಸ್ ಜಾಸ್ತಿ ಇರಬೇಕು. ಚಂದದ ಏರ್ಪಾಡು. ಆದರೆ ನಮ್ಮೂರಲ್ಲಿ ಒಬ್ಬ ಮಹಾನುಭಾವರು ಚೌತಿಯ ಹಿಂದಿನ ರಾತ್ರಿ ಪ್ರಸ್ತಾಪ ಕಳಿಸಿ, ನಾಲ್ಕನೇ ದಿನ ಬೆಳಿಗ್ಗೆ "ಯಾರೂ ಬೇಡ ಅನ್ನಲಿಲ್ಲ" ಅಂದಿದ್ದರು. ಆ ಮೂರು ದಿನ ಎಲ್ಲರೂ ಪೆಂಡಾಲಿನಲ್ಲಿ! ಹಬ್ಬ, ಪರೀಕ್ಷೆ ಇದ್ದ ದಿನಗಳನ್ನು ಲೆಕ್ಕದಿಂದ ಬಿಡಬೇಕು ಅಂತ ಆಮೇಲೆ ಬರೆದುಕೊಂಡೆವು.

ಸಭೆ ಯಾರು ನಡೆಸುವುದು ಅನ್ನುವುದಕ್ಕೂ ಜಗಳ ಆಗುತ್ತದೆ. ಅದಕ್ಕೆ ನಾನು ಉಡುಪಿಯ ಪರ್ಯಾಯ ತೋರಿಸುತ್ತೇನೆ. 8 ಮಠ, ಎರಡೆರಡು ವರ್ಷ, ಯಾರ ನಂತರ ಯಾರು ಅಂತ ಮೊದಲೇ ಗೊತ್ತು. ಸರದಿ ಇದ್ದಲ್ಲಿ ಚುನಾವಣೆ ಯಾಕೆ?

ಇನ್ನು ಎಣಿಕೆ. ಇದರಲ್ಲಿ ನಾನೇ ಎಡವಿದ್ದೇನೆ.

ಅದೇ ಕೀಬೋರ್ಡ್ ಆ್ಯಪ್‌ನಲ್ಲಿ ಪದಪಟ್ಟಿಯನ್ನು ಫೋನಿಗೆ ತಂದುಕೊಳ್ಳುವ ಒಂದು ಗುಂಡಿ ಉಂಟು. ಅದರ ಮೇಲೆ ಏನು ಬರೆಯುವುದು ಅಂತ ಮತ್ತೊಂದು ಭಾನುವಾರ ಮತದಾನ. ನಡೆಸಿದ್ದು ನಾನು. "ಡೌನ್‌ಲೋಡ್ ಮಾಡಿ" 7, "ಇಳಿಸಿಕೊಳ್ಳಿ" 6, "ಇಳಿಕೆ ಮಾಡಿ" 4. ಡೌನ್‌ಲೋಡ್ ಗೆದ್ದಿತು ಅಂತ ಹೇಳಿದೆ. ಹೇಳಿ ಮುಗಿಯುವ ಮೊದಲೇ ಆಚೆಯಿಂದ ಒಬ್ಬರು, "ಅಕ್ಕ, ಕನ್ನಡ ಪದ ಬೇಕು ಅಂದವರು 10 ಮಂದಿ. ಅವರು ಸೋತದ್ದು ಹೇಗೆ?"

ಮಾತು ಸರಿ. ಒಬ್ಬರಿಗೆ ಒಂದೇ ಗುರುತು ಅಂದರೆ ಹತ್ತಿರದ ಎರಡು ಆಯ್ಕೆಗಳು ಮತ ಹಂಚಿಕೊಂಡು ಎರಡೂ ಬೀಳುತ್ತವೆ. ಅದಕ್ಕೆ ಡೆಬಿಯನ್‌ನವರು ಆಯ್ಕೆಗಳಿಗೆ 1, 2, 3 ಅಂತ ಕ್ರಮ ಕೊಡಿಸಿ ಎರಡೆರಡನ್ನೇ ಹೋಲಿಸುತ್ತಾರೆ. ನಾನು ಅಲ್ಲೇ ಎಲ್ಲರ ಎರಡನೇ ಆಯ್ಕೆ ಕೇಳಿ ಲೆಕ್ಕ ಹಾಕಿದೆ. "ಇಳಿಕೆ ಮಾಡಿ" ಅಂದ ನಾಲ್ವರಿಗೂ ಎರಡನೆಯದು "ಇಳಿಸಿಕೊಳ್ಳಿ". ಡೌನ್‌ಲೋಡ್ ಅಂದ ಏಳು ಮಂದಿಗೂ ಹಾಗೇ. ಹೋಲಿಸಿದರೆ "ಇಳಿಸಿಕೊಳ್ಳಿ" ಡೌನ್‌ಲೋಡನ್ನು 10–7ರಲ್ಲಿ, "ಇಳಿಕೆ ಮಾಡಿ"ಯನ್ನು 13–4ರಲ್ಲಿ ಸೋಲಿಸುತ್ತದೆ. ಬೋರ್ಡಿನ ಮೇಲೆ ಬರೆದು ತೋರಿಸಿ, ನೋಡಿ, ಗೆದ್ದದ್ದು ಇದು ಅಂದೆ.

ಏಳು ಮಂದಿ ಸಿಟ್ಟಾದರು. "ಎಣಿಕೆ ಆದ ಮೇಲೆ ಎಣಿಸುವ ಕ್ರಮ ಬದಲಾಯಿಸುದಾ? ನಮ್ಮ ಪದ ಗೆದ್ದದ್ದಕ್ಕಾ?"

ಅವರದ್ದೂ ಸರಿಯೇ. ಎಣಿಸುವ ಕ್ರಮ ಮೊದಲೇ ಗಟ್ಟಿ ಆಗಿರಬೇಕಿತ್ತು. 2018ರ ಜುಲೈಯಲ್ಲಿ ಪೈಥಾನ್ ಹುಟ್ಟುಹಾಕಿದ ಗೈಡೋ ವಾನ್ ರೋಸಮ್ ಅದರ ಕೊನೇ ಮಾತು ಹೇಳುವ ಸ್ಥಾನ ಬಿಟ್ಟರು. ಒಂದು ಸಣ್ಣ ಚಿಹ್ನೆಗೆ ನಡೆದ ದೊಡ್ಡ ಜಗಳದಿಂದ ರೋಸಿ ಹೋಗಿದ್ದರು. ಮುಂದೆ ಆಡಳಿತ ಹೇಗಿರಬೇಕು ಅಂತ ಡಿಸೆಂಬರಿನಲ್ಲಿ ಅಲ್ಲಿನವರು ಮತ ಹಾಕಿದರು. ಆದರೆ ಅದಕ್ಕೂ ಮೊದಲು ಮತ ಹಾಕುವ ಕ್ರಮ ಯಾವುದು, ಯಾರು ಹಾಕಬಹುದು ಅಂತಲೇ ಪಿಇಪಿ 8001 ಅನ್ನುವ ಬೇರೆ ದಾಖಲೆ ಮಾಡಿಕೊಂಡಿದ್ದರು. ನನಗೆ ಇದು ಗೊತ್ತಿತ್ತು. ಒಂದು ಗುಂಡಿಯ ಹೆಸರಿಗೆ ಅಷ್ಟೆಲ್ಲ ಯಾಕೆ ಅಂತ ಸೋಮಾರಿತನ ಮಾಡಿದೆ. ಎರಡೂ ಫಲಿತಾಂಶವನ್ನು ಬದಿಗಿಟ್ಟು, ತಪ್ಪು ನನ್ನದು ಅಂತ ನಡಾವಳಿಯಲ್ಲಿ ಬರೆಸಿದೆ.

ಆ ಗುಂಡಿಯ ಮೇಲೆ ಈಗ ಯಾವ ಪದವೂ ಇಲ್ಲ. ಕೆಳಗೆ ನೋಡುವ ಒಂದು ಬಾಣದ ಚಿತ್ರ ಹಾಕಿದ್ದಾರೆ. ಹೇಗೂ ನಡೆಯುತ್ತಿತ್ತು. ಕಳೆದ ವಾರ ಕಣ್ಣು ಕಾಣದ ಒಬ್ಬರು ಫೋನ್ ಮಾಡಿ, ಪರದೆ ಓದುವ ತಂತ್ರಾಂಶ ಅಲ್ಲಿಗೆ ಬಂದಾಗ ಬರೀ "ಹೆಸರಿಲ್ಲದ ಗುಂಡಿ" ಅಂತ ಹೇಳುತ್ತದೆ, ಅದು ಎಂತದ್ದು ಅಂತ ಕೇಳಿದರಂತೆ. ಬರುವ ಭಾನುವಾರದ ಸಭೆಯಲ್ಲಿ ಮೂರನೇ ವಿಷಯ ಅದೇ. ಎಣಿಸುವ ಕ್ರಮ ಯಾವುದು ಅನ್ನುವುದು ಎರಡನೆಯದು.