ಬೇಡದ ಪರೀಕ್ಷೆ ಮತ್ತು ಹನುಮಂತನ ಬಾಲ

ರಕ್ತ ಪರೀಕ್ಷೆಯ ವರದಿಯಲ್ಲಿ ನಿಮ್ಮ ಅಂಕಿಯ ಪಕ್ಕ ‘ಸಹಜ ಮಿತಿ’ ಎಂದು ಇನ್ನೆರಡು ಅಂಕಿಗಳು ಇರುತ್ತವೆ. ಇವು ಎಲ್ಲಿಂದ ಬಂದವು ಎಂದು ಕೇಳುವವರು ಕಡಿಮೆ. ಆರೋಗ್ಯವಂತರ ದೊಡ್ಡ ಗುಂಪೊಂದನ್ನು ಪರೀಕ್ಷಿಸಿ, ಸಿಕ್ಕ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಎರಡೂ ತುದಿಗಳಲ್ಲಿ ಶೇ 2.5ರಷ್ಟನ್ನು ಕತ್ತರಿಸಿ, ಉಳಿದ ಶೇ 95ನ್ನು ಸಹಜ ಎನ್ನುವುದು ಬಹುತೇಕ ಪರೀಕ್ಷೆಗಳಲ್ಲಿ ನಡೆದುಬಂದ ರೂಢಿ. ಅಂದರೆ ಯಾವ ಕಾಯಿಲೆಯೂ ಇಲ್ಲದ ನೂರು ಮಂದಿಯಲ್ಲಿ ಸುಮಾರು ಐವರ ವರದಿ ಮಿತಿಯ ಆಚೆ ಬೀಳಲೇಬೇಕು. ಇನ್ನು ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನಿಗೆ ಒಟ್ಟಿಗೆ ಮಾಡಿಸಿದರೆ, ಎಲ್ಲವೂ ಸಹಜವೆಂದು ಬರುವ ಸಾಧ್ಯತೆ ಶೇ 36 ಮಾತ್ರ. ಒಂದಾದರೂ ‘ಅಸಹಜ’ ಎಂದು ಬರುವ ಸಾಧ್ಯತೆ ಶೇ 64. ‘ಸಮಗ್ರ ತಪಾಸಣೆ’ಯ ಜಾಹೀರಾತುಗಳಲ್ಲಿ ಈ ಲೆಕ್ಕ ಕಾಣುವುದಿಲ್ಲ.

ಖರ್ಚು ಶುರುವಾಗುವುದು ಆ ವರದಿ ಕೈಗೆ ಬಂದ ಮೇಲೆ. ಹೊಟ್ಟೆನೋವೆಂದು ಬಂದವರ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಕೆಳತುದಿಯೂ ಅಷ್ಟಿಷ್ಟು ಕಾಣುತ್ತದೆ. ಅಲ್ಲಿ ಕೆಲವು ಮಿಲಿಮೀಟರ್ ಅಗಲದ ಚುಕ್ಕೆಯೊಂದಿದೆ ಎಂದುಕೊಳ್ಳಿ. ಇಂಥ ಚುಕ್ಕೆಗಳಲ್ಲಿ ಹೆಚ್ಚಿನವು ಹಳೆಯ ಸೋಂಕಿನ ಕಲೆಗಳು. ಆದರೆ ಒಮ್ಮೆ ಕಂಡದ್ದನ್ನು ಕಾಣಲಿಲ್ಲ ಎನ್ನಲು ವೈದ್ಯರಿಗೆ ಧೈರ್ಯ ಸಾಲದು. ಕೆಲವು ತಿಂಗಳ ನಂತರ ಇನ್ನೊಂದು ಸ್ಕ್ಯಾನ್, ಆಮೇಲೆ ಮತ್ತೊಂದು. ಅನುಮಾನ ತೀರದಿದ್ದರೆ ಸೂಜಿ ಚುಚ್ಚಿ ತುಣುಕು ತೆಗೆಯಬೇಕು. ಸೂಜಿ ಚುಚ್ಚಿದಾಗ ಕೆಲವರಲ್ಲಿ ಶ್ವಾಸಕೋಶದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುತ್ತದೆ, ಅದಕ್ಕೆ ಆಸ್ಪತ್ರೆ ವಾಸ ಬೇರೆ. ಹನುಮಂತನ ಬಾಲದಂತೆ ಬೆಳೆಯುವ ಈ ಬಿಲ್ಲಿನಲ್ಲಿ ಮೊದಲ ಹೊಟ್ಟೆನೋವಿನ ಪಾಲು ತೀರಾ ಸಣ್ಣದು. ನೋವು ಎಂದೋ ತಾನಾಗಿಯೇ ಹೋಗಿರುತ್ತದೆ.

ಆರೋಗ್ಯ ಸೇವೆಯ ಸುಧಾರಣೆ ಎಂದ ಕೂಡಲೇ ಚರ್ಚೆ ಔಷಧಗಳ ಬೆಲೆ, ಆಸ್ಪತ್ರೆಯ ದರ, ವಿಮೆಯ ಕಂತುಗಳ ಸುತ್ತ ಗಿರಕಿ ಹೊಡೆಯುತ್ತದೆ. ಇವು ಸಣ್ಣ ವಿಷಯಗಳಲ್ಲ. ಗುಣಮಟ್ಟದ ಪರೀಕ್ಷೆಯಲ್ಲಿ ಗೆದ್ದ ಜೆನೆರಿಕ್ ಔಷಧ ಇರುವಾಗ ಅದೇ ರಾಸಾಯನಿಕಕ್ಕೆ ಹೊಳೆಯುವ ಹೆಸರಿಟ್ಟು ಹಲವು ಪಟ್ಟು ಹಣ ಕೊಡುವುದರಲ್ಲಿ ಅರ್ಥವಿಲ್ಲ, ಅದರ ಬಗ್ಗೆ ವಾದವೂ ಬೇಡ. ಆದರೆ ಒಟ್ಟು ಖರ್ಚು ಎಂದರೆ ದರವನ್ನು ಪ್ರಮಾಣದಿಂದ ಗುಣಿಸಿದಾಗ ಬರುವ ಮೊತ್ತ. ದರದ ಮೇಲೆ ಎಲ್ಲರ ಕಣ್ಣಿದೆ. ಪ್ರಮಾಣವನ್ನು ನಿರ್ಧರಿಸುವವರು ನಾವು, ವೈದ್ಯರು. ಅರ್ಥಶಾಸ್ತ್ರಜ್ಞ ಕೆನ್ನೆತ್ ಆ್ಯರೋ 1963ರಲ್ಲೇ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದರು: ವೈದ್ಯಕೀಯದಲ್ಲಿ ಕೊಳ್ಳುವವನಿಗೆ ತನಗೇನು ಬೇಕೆಂದು ತಿಳಿದಿರುವುದಿಲ್ಲ, ಅದನ್ನು ಮಾರುವವನೇ ಹೇಳಬೇಕು.

ಹೇಳುವವರಾದರೂ ಖಚಿತವಾಗಿ ಹೇಳುತ್ತಾರೆಯೇ? 1934ರಲ್ಲಿ ನ್ಯೂಯಾರ್ಕ್‌ನ 11 ವರ್ಷದ 1,000 ಶಾಲಾ ಮಕ್ಕಳನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಶೇ 61ರಷ್ಟು ಮಕ್ಕಳ ಟಾನ್ಸಿಲ್‌ಗಳನ್ನು ಆಗಲೇ ತೆಗೆಯಲಾಗಿತ್ತು. ಉಳಿದವರನ್ನು ವೈದ್ಯರಿಗೆ ತೋರಿಸಿದಾಗ, ಶೇ 45ರಷ್ಟು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕೆಂದರು. ಬೇಡ ಎನಿಸಿಕೊಂಡ ಮಕ್ಕಳನ್ನು ಬೇರೆ ವೈದ್ಯರ ಮುಂದೆ ನಿಲ್ಲಿಸಲಾಯಿತು. ಅವರು ಆ ‘ಆರೋಗ್ಯವಂತ’ರಲ್ಲೂ ಶೇ 46ರಷ್ಟು ಮಕ್ಕಳನ್ನು ಆರಿಸಿದರು. ಹೀಗೆ ಎರಡು ಸಲ ಪಾರಾದವರನ್ನು ಮೂರನೆಯ ಬಾರಿ ತೋರಿಸಿದರೆ ಮತ್ತೆ ಹತ್ತಿರ ಹತ್ತಿರ ಅದೇ ಪ್ರಮಾಣ! ಕೊನೆಗೆ 1,000 ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ಸಲಹೆ ಸಿಗದೆ ಉಳಿದವರು 65 ಮಂದಿ. ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ತೆಗೆಯಬೇಕು ಎಂಬುದು ವೈದ್ಯರ ಮನಸ್ಸಿನಲ್ಲಿ ಮೊದಲೇ ಕೂತಿತ್ತು, ಗಂಟಲು ಯಾವುದಾದರೇನು.

ಹಳೆಯ ಕಾಲದ ಮಾತು ಎಂದು ತಳ್ಳಿಹಾಕುವಂತಿಲ್ಲ. 1973ರಲ್ಲಿ ಜಾನ್ ವೆನ್‌ಬರ್ಗ್ ಮತ್ತು ಅಲನ್ ಗಿಟಲ್‌ಸನ್ ಅಮೆರಿಕದ ವರ್ಮಾಂಟ್ ರಾಜ್ಯದ ದಾಖಲೆಗಳನ್ನು ಜಾಲಾಡಿದಾಗ, ಒಂದೇ ಬಗೆಯ ಜನರಿದ್ದ ಅಕ್ಕಪಕ್ಕದ ಪ್ರದೇಶಗಳಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಪ್ರಮಾಣ ಹಲವು ಪಟ್ಟು ಏರುಪೇರಾಗಿತ್ತು. ವಾಸದ ವಿಳಾಸ ಬದಲಾದರೆ ಚಿಕಿತ್ಸೆಯೂ ಬದಲು.

ಹಾಗಾದರೆ ರೋಗಿಯೇ ಕೈಯಿಂದ ಹಣ ಕೊಡಲಿ, ಬೇಡದ್ದನ್ನು ತಾನೇ ಬಿಡುತ್ತಾನೆ ಎನ್ನುವ ವಾದ ಆಗಾಗ ತಲೆ ಎತ್ತುತ್ತದೆ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆ 1970ರ ದಶಕದಲ್ಲಿ ಆರಂಭಿಸಿ 1982ರವರೆಗೆ ನಡೆಸಿದ ಅಧ್ಯಯನದಲ್ಲಿ ಕೆಲವು ಕುಟುಂಬಗಳಿಗೆ ಚಿಕಿತ್ಸೆ ಪೂರ್ತಿ ಉಚಿತವಾಗಿತ್ತು, ಉಳಿದವರು ಖರ್ಚಿನ ಒಂದು ಪಾಲನ್ನು ಗೊತ್ತಾದ ಮಿತಿಯವರೆಗೆ ತಾವೇ ಭರಿಸಬೇಕಿತ್ತು. ಕೈಯಿಂದ ಕೊಟ್ಟವರು ಕಡಿಮೆ ಖರ್ಚು ಮಾಡಿದರು, ನಿಜ. ಆದರೆ ಅವರು ಅಗತ್ಯವಿದ್ದ ಚಿಕಿತ್ಸೆಯನ್ನೂ ಇಲ್ಲದ ಚಿಕಿತ್ಸೆಯನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಿಟ್ಟಿದ್ದರು. ಕೈಯಿಂದ ಕೊಟ್ಟ ಬಡವರಲ್ಲಿ ಕಾಯಿಲೆ ಇದ್ದವರ ರಕ್ತದೊತ್ತಡ, ಉಚಿತ ಚಿಕಿತ್ಸೆ ಪಡೆದ ಅಂಥದೇ ಬಡ ರೋಗಿಗಳಿಗಿಂತ ಕಡಿಮೆ ಹತೋಟಿಯಲ್ಲಿತ್ತು. ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವ ಹೊರೆಯನ್ನು ಅದು ಗೊತ್ತಿಲ್ಲದವರ ತಲೆಗೆ ಹೊರಿಸಿದರೆ ಆಗುವುದು ಇದೇ.

ಆದ್ದರಿಂದ ಸುಧಾರಣೆ ಚೀಟಿ ಬರೆಯುವವರ ಕಡೆಯಿಂದ ಶುರುವಾಗಲಿ ಎನ್ನುವುದು ನನ್ನ ಪಕ್ಷ. ಮಾಡಿದ ಪ್ರತಿ ಕೆಲಸಕ್ಕೆ ಇಷ್ಟು ಎಂದು ಹಣ ಕೊಡುವ ಪದ್ಧತಿಯಲ್ಲಿ, ಅರ್ಧ ಗಂಟೆ ಕೂತು ರೋಗಿಯ ಮಾತು ಕೇಳಿ, ಮೈಮುಟ್ಟಿ ನೋಡಿ, ‘ಸ್ಕ್ಯಾನ್ ಬೇಡ, ಎರಡು ವಾರ ಕಾಯೋಣ’ ಎಂದವರಿಗಿಂತ ಎರಡೇ ನಿಮಿಷದಲ್ಲಿ ಸ್ಕ್ಯಾನ್ ಬರೆದುಕೊಟ್ಟವರ ಗಳಿಕೆ ಹೆಚ್ಚು. ಕೋರ್ಟು ಕಚೇರಿಯ ಭಯವೂ ಅತ್ತಲೇ ತಳ್ಳುತ್ತದೆ, ಏಕೆಂದರೆ ಮಾಡಿಸಿದ ಪರೀಕ್ಷೆಗಾಗಿ ವೈದ್ಯರನ್ನು ಕಟಕಟೆಗೆ ಎಳೆಯುವವರು ಅಪರೂಪ. ತಲೆಗಿಷ್ಟು ಎಂದು ವರ್ಷಕ್ಕೆ ಮೊತ್ತ ಗೊತ್ತುಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೇನೂ ಅಲ್ಲ. ಅಲ್ಲಿ ಬೇಕಾದ ಪರೀಕ್ಷೆಯನ್ನೂ ಉಳಿತಾಯದ ಹೆಸರಿನಲ್ಲಿ ನುಂಗಿಹಾಕುವ ಆಸೆ ಕಾದಿರುತ್ತದೆ. ಹಾಗಿದ್ದರೂ ಕೇಳುವ ಸಮಯಕ್ಕೆ, ಕಾಯುವ ನಿರ್ಧಾರಕ್ಕೆ ಬೆಲೆ ಕಟ್ಟದ ಯಾವ ಸುಧಾರಣೆಯೂ ಪ್ರಮಾಣವನ್ನು ಇಳಿಸದು. ‘ಈ ವರದಿ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?’ ಎಂದು ರೋಗಿಗಳು ಕೇಳಿದರೆ ನನಗಂತೂ ಸಂತೋಷ. ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ಬೇಡ.

ಕಡಿಮೆ ಮಾಡುವುದೊಂದೇ ಉಳಿತಾಯದ ದಾರಿಯಲ್ಲ, ನೆಟ್ಟಗೆ ಮಾಡಿದರೂ ಉಳಿಯುತ್ತದೆ. ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಮಿಚಿಗನ್ ರಾಜ್ಯದ ತೀವ್ರ ನಿಗಾ ಘಟಕಗಳಲ್ಲಿ ಮಾಡಿದ್ದು ಇಷ್ಟೇ: ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವ ಮುನ್ನ ಕೈ ತೊಳೆಯುವುದು, ಮೈತುಂಬ ಶುದ್ಧ ಹೊದಿಕೆ ಹಾಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಒರೆಸುವುದು, ಆದಷ್ಟು ತೊಡೆಸಂದಿನ ನಾಳವನ್ನು ಬಿಡುವುದು, ಅಗತ್ಯ ತೀರಿದೊಡನೆ ನಳಿಕೆ ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ರಕ್ತದ ಸೋಂಕು ಹದಿನೆಂಟು ತಿಂಗಳಲ್ಲಿ ಮೂರನೇ ಎರಡರಷ್ಟು ಇಳಿದಿತ್ತು. ಇದಕ್ಕೆ ದುಬಾರಿ ಯಂತ್ರಗಳಾಗಲಿ ಹೆಚ್ಚುವರಿ ಸಿಬ್ಬಂದಿಯಾಗಲಿ ಬೇಕಾಗಿರಲಿಲ್ಲ.

ವೈದ್ಯರೇ ಬಾಯಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಇದೆ. ಅಲ್ಲಿ 1999ರಲ್ಲಿ ಕೆಲವು ಕ್ಯಾನ್ಸರ್‌ಗಳ ತಪಾಸಣೆಗೆ ಸರ್ಕಾರಿ ಯೋಜನೆ ಬಂತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ, ಆದರೆ ತುಸು ಹೆಚ್ಚು ಹಣ ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಸಹ ಆಗುತ್ತಿತ್ತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡರು, ಬಹುತೇಕರಿಗೆ ಜೀವಮಾನವಿಡೀ ಮಾತ್ರೆ ಅಂಟಿಕೊಂಡಿತು. ಶೇ 2ರಷ್ಟು ಜನರ ಧ್ವನಿತಂತುಗಳಿಗೆ ಪಾರ್ಶ್ವವಾಯು ಬಡಿಯಿತು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ರೋಗಲಕ್ಷಣ ಇಲ್ಲದವರಿಗೆ ಈ ಅಲ್ಟ್ರಾಸೌಂಡ್ ಬೇಡವೆಂದು ಬಹಿರಂಗ ಪತ್ರ ಬರೆಯಿತು, ಪತ್ರಿಕೆಗಳೂ ಟಿವಿಯೂ ಅದನ್ನು ಎತ್ತಿಕೊಂಡವು. ಒಂದು ವರ್ಷದೊಳಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಶೇ 35ರಷ್ಟು ಇಳಿದವು. ಅದಕ್ಕಾಗಿ ಯಾರೂ ದರಪಟ್ಟಿಯನ್ನು ಮುಟ್ಟಬೇಕಾಗಲಿಲ್ಲ.