ಸರ್ವರ್ ಎಡಿಷನ್ ನೋಡುವ ಮೊದಲು ತಲೆ ಎಣಿಸಿ

ವಿಂಡೋಸ್ ಸರ್ವರಿನ ಲೈಸೆನ್ಸ್ ಪಾಠ ಪರೀಕ್ಷೆಗೆ ಓದುವಾಗ ನನಗೂ ಮಂಡೆಬಿಸಿ ಆಗಿತ್ತು, ಟೇಬಲ್ ಬಾಯಿಪಾಠ ಮಾಡಿದ್ರೂ ಮರುದಿನಕ್ಕೆ ಎಂತದೂ ನೆನಪಿರ್ಲಿಲ್ಲ, ಮತ್ತೆ ಒಂದು ಆಫೀಸಿನ ಲೆಕ್ಕ ಹಾಕ್ಕೊಂಡು ಓದಿದ್ಮೇಲೆ ತಲೆಗೆ ಹೋಯ್ತು. ಬೈಕಂಪಾಡಿಯಲ್ಲಿ ಒಂದು ಗೇರುಬೀಜದ ಫ್ಯಾಕ್ಟರಿ ಉಂಟು ಅಂತ ಇಟ್ಕೊಳ್ಳಿ. ಆಫೀಸಲ್ಲಿ 14 ಜನ. ಗೋಡೌನಲ್ಲಿ ತೂಕ ಎಂಟ್ರಿ ಮಾಡ್ಲಿಕ್ಕೆ ಒಂದೇ ಕಂಪ್ಯೂಟರ್, ಮೂರು ಶಿಫ್ಟಲ್ಲಿ 9 ಜನ ಅದರಲ್ಲೇ ಕೂತ್ಕೊಳ್ಳುದು. ಒಟ್ಟು 23.

ವಿಂಡೋಸ್ ಸರ್ವರಿನ ಚಿಕ್ಕ ಎಡಿಷನ್ ಎಸೆನ್ಷಿಯಲ್ಸ್, ಅದು 25 ಯೂಸರ್, 50 ಡಿವೈಸ್ ವರೆಗೆ ಆಗ್ತದೆ, ಬೇರೆ ಕ್ಯಾಲ್ (ಸರ್ವರ್ ಬಳಸ್ಲಿಕ್ಕೆ ಒಬ್ಬೊಬ್ಬರಿಗೆ ಅಥವಾ ಒಂದೊಂದು ಮೆಷಿನಿಗೆ ತಗೊಳ್ಳುವ ಲೈಸೆನ್ಸ್) ತಗೊಳ್ಬೇಕಂತಿಲ್ಲ. 23 ಅಲ್ವಾ, ಸಾಕು ಅನ್ನಿಸ್ತದೆ. ಆದ್ರೆ ಇನ್ನು ಮೂರು ಜನ ಸೇರಿದ್ರೆ 26, ಆಗ ಒಂದು ಕ್ಯಾಲ್ ತಂದು ಸೇರಿಸ್ತೇನೆ ಅಂದ್ರೆ ಆಗುದಿಲ್ಲ, ಅದರ ಮೇಲಿನ ಎಡಿಷನ್ ಸ್ಟ್ಯಾಂಡರ್ಡಿಗೇ ಹೋಗ್ಬೇಕು. 2022ರ ಎಸೆನ್ಷಿಯಲ್ಸ್ ಹೊಸ ಸರ್ವರ್ ಮೆಷಿನ್ ಜೊತೆಗೇ ಬರುದು, ಅದೂ ಒಂದೇ ಪ್ರೊಸೆಸರ್, 10 ಕೋರ್ (ಪ್ರೊಸೆಸರಲ್ಲಿ ಕೆಲಸ ಮಾಡುವ ಭಾಗ) ಒಳಗೆ.

ಸ್ಟ್ಯಾಂಡರ್ಡಲ್ಲಿ ಲೈಸೆನ್ಸು ಕೋರ್ ಲೆಕ್ಕದಲ್ಲಿ. ನಿಮ್ಮ ಮೆಷಿನಲ್ಲಿ ಬರೀ 4 ಕೋರ್ ಇದ್ರೂ ಕಮ್ಮಿ ಅಂದ್ರೆ 16 ಕೋರಿಗೆ ದುಡ್ಡು ಕೊಡ್ಲೇಬೇಕು, ಇದು ಪರೀಕ್ಷೆಯಲ್ಲೂ ಕೇಳ್ತಾರೆ, ಓನರೂ ಕೇಳ್ತಾರೆ. ಅದಕ್ಕೆ 2 ವರ್ಚುವಲ್ ಮೆಷಿನ್ (ಒಂದೇ ಮೆಷಿನ್ ಒಳಗೆ ಬೇರೆ ಬೇರೆಯಾಗಿ ಓಡುವ ಸರ್ವರ್) ಹಾಕ್ಲಿಕ್ಕೆ ಸಿಗ್ತದೆ. ಡೇಟಾಸೆಂಟರ್ ಎಡಿಷನಲ್ಲಿ ಎಷ್ಟು ಬೇಕಾದ್ರೂ ಹಾಕ್ಬಹುದು, ಗೇರುಬೀಜದವರಿಗೆ ಅದು ಬೇಡ.

ಇನ್ನು ಕ್ಯಾಲ್, ಸ್ಟ್ಯಾಂಡರ್ಡ್ ತಗೊಂಡ್ರೆ ಅದು ಬೇರೆ ಬೇಕು. ಯೂಸರ್ ಕ್ಯಾಲ್ ಅಂದ್ರೆ ಮನುಷ್ಯನಿಗೆ, ಓನರಿಗೆ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಮೊಬೈಲ್ ಮೂರಿದ್ರೂ ಒಂದೇ ಸಾಕು. ಡಿವೈಸ್ ಕ್ಯಾಲ್ ಅಂದ್ರೆ ಮೆಷಿನಿಗೆ, ಅದರೆದುರು ಯಾರು ಕೂತ್ರೂ ಆಗ್ತದೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ಆಫೀಸಿಗೆ 14 ಯೂಸರ್, ಗೋಡೌನಿಗೆ 1 ಡಿವೈಸ್, 15ರಲ್ಲಿ ಮುಗೀತು. ಕಣ್ಣು ಮುಚ್ಚಿ ಯೂಸರ್ ಕ್ಯಾಲೇ ಬರೆದಿದ್ರೆ 23 ಆಗ್ತಿತ್ತು. ಮತ್ತೆ, 2019ರ ಕ್ಯಾಲ್ 2022ರ ಸರ್ವರಿಗೆ ನಡಿಯುದಿಲ್ಲ, ಹೊಸದು ಹಳೆ ಸರ್ವರಿಗೆ ನಡಿತದೆ.

ನಾನು ಬಿದ್ದ ಗುಂಡಿ ಬೇರೆ. ಒಂದು ಆಫೀಸಿಗೆ ಡಿಸೆಂಬರಲ್ಲಿ ಸರ್ವರ್ ಹಾಕಿ, ಟ್ಯಾಲಿ ಎಲ್ಲರೂ ರಿಮೋಟ್ ಡೆಸ್ಕ್‌ಟಾಪಲ್ಲಿ (ತಮ್ಮ ಕಂಪ್ಯೂಟರಿಂದಲೇ ಸರ್ವರಿನ ಸ್ಕ್ರೀನ್ ತೆರೆದು) ಓಪನ್ ಮಾಡುವ ಹಾಗೆ ಮಾಡಿದ್ದೆ, ಮಾಮೂಲಿ ಕ್ಯಾಲ್ ಉಂಟಲ್ಲ ಅಂತ ಧೈರ್ಯ. ಆದ್ರೆ ರಿಮೋಟ್ ಡೆಸ್ಕ್‌ಟಾಪಿಗೆ ಆರ್‌ಡಿಎಸ್ ಕ್ಯಾಲ್ ಅಂತ ಬೇರೆಯೇ ಬೇಕು, 120 ದಿನ ಸುಮ್ಮನೆ ಬಿಡ್ತದೆ, ಆಮೇಲೆ ಒಳಗೆ ಬಿಡುದಿಲ್ಲ. ಸರಿಯಾಗಿ ಏಪ್ರಿಲ್ ಮೊದಲ ವಾರ, ವರ್ಷದ ಲೆಕ್ಕ ಕ್ಲೋಸ್ ಮಾಡುವಾಗ ನಿಂತುಹೋಯ್ತು, ಅಕೌಂಟ್ಸಿನ ಅಕ್ಕ ಫೋನಲ್ಲಿ ಹಾಕಿದ ಬೊಬ್ಬೆ ಈಗ್ಲೂ ಕಿವಿಯಲ್ಲುಂಟು.

ಮೇಲ್ ವಿಷಯಕ್ಕೆ ಬರುವ. "ಸರ್ವರ್ ಹೇಗೂ ಉಂಟಲ್ಲ, ಮೇಲೂ ಅದ್ರಲ್ಲೇ ಹಾಕಿ" ಅಂತ ಹಳಬರು ಹೇಳ್ತಾರೆ, ಅವರದ್ದೂ ತಪ್ಪಲ್ಲ, ಸ್ಮಾಲ್ ಬಿಸಿನೆಸ್ ಸರ್ವರ್ 2011 ವರೆಗೆ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟಿನ ಮೇಲ್ ಸರ್ವರ್) ಅದೇ ಪೆಟ್ಟಿಗೆಯಲ್ಲಿ 75 ಜನರಿಗೆ ಬರ್ತಿತ್ತು. ಈಗ ಹಾಗಿಲ್ಲ. ಎಕ್ಸ್‌ಚೇಂಜ್ 2019ಕ್ಕೆ 128 ಜಿಬಿ ರ‍್ಯಾಮ್ ಹೇಳಿದ್ದಾರೆ, ಅದರ ಸಪೋರ್ಟೂ 2025 ಅಕ್ಟೋಬರ್ 14ಕ್ಕೆ ಮುಗಿದಾಯ್ತು, ಕ್ಯಾಲ್ ಪುನಃ ಬೇರೆ. ಅದರ ಮೇಲೆ ನಮ್ಮ ಜೂನ್ ತಿಂಗಳ ಸಿಡಿಲು, ಕರೆಂಟು. ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಸರ್ವರಿನ ಹೆಸರು ಹೇಳುವ ದಾಖಲೆ) ಸರಿಯಿಲ್ಲದಿದ್ರೆ ದುಬೈ ಬಯ್ಯರಿಗೆ ಕಳಿಸಿದ ಕೊಟೇಶನ್ ಸ್ಪ್ಯಾಮಿಗೆ ಹೋಗಿ ಬೀಳ್ತದೆ. ಹಾಗಾಗಿ ಫೈಲ್, ಟ್ಯಾಲಿ ಒಳಗೆ ಇರ್ಲಿ, ಮೇಲ್ ಹೊರಗೆ ತಿಂಗಳ ಬಾಡಿಗೆಗೆ ಹೋಗ್ಲಿ.

ಅಲ್ಲೂ ಮೊದಲು ಎಣಿಕೆಯೇ. ಬಾಡಿಗೆಗೆ ಮೇಲ್ ಕೊಡುವ ಮೈಕ್ರೋಸಾಫ್ಟ್ 365ರ ಬಿಸಿನೆಸ್ ಬೇಸಿಕ್ ಪ್ಲಾನಲ್ಲಿ ಕಂಪ್ಯೂಟರಲ್ಲಿ ಇನ್‌ಸ್ಟಾಲ್ ಮಾಡುವ ಆಫೀಸ್ ಇಲ್ಲ, ಬ್ರೌಸರ್ ಮತ್ತು ಮೊಬೈಲ್ ಮಾತ್ರ, ಎಕ್ಸೆಲ್ ಬಿಟ್ಟು ಬದುಕದ ನಾಲ್ಕು ಜನರಿಗೆ ಬಿಸಿನೆಸ್ ಸ್ಟ್ಯಾಂಡರ್ಡ್ ಪ್ಲಾನ್ ಕೊಟ್ಟು ಉಳಿದ ಹತ್ತು ಜನರಿಗೆ ಬೇಸಿಕ್ ಹಾಕಿ, ಮಿಕ್ಸ್ ಮಾಡ್ಲಿಕ್ಕೆ ಅಡ್ಡಿಯಿಲ್ಲ. ಸೇಲ್ಸ್, ಎಕ್ಸ್‌ಪೋರ್ಟ್ ಅಂತ ಇರುವ ವಿಳಾಸಗಳಿಗೆ ಶೇರ್ಡ್ ಮೇಲ್‌ಬಾಕ್ಸ್ (ಹಲವರು ಒಟ್ಟಿಗೆ ನೋಡುವ ಮೇಲ್ ಪೆಟ್ಟಿಗೆ) ಮಾಡಿ, 50 ಜಿಬಿ ವರೆಗೆ ಲೈಸೆನ್ಸ್ ಬೇಡ, ಆದ್ರೆ ಅದನ್ನು ನೋಡುವವರಿಗೆ ಸ್ವಂತ ಲೈಸೆನ್ಸ್ ಬೇಕು. ಗೋಡೌನಿನ 9 ಜನರಿಗೆ ಮೇಲ್ ಎಂತಕ್ಕೆ, ಅವರು ಹೇಗೂ ವಾಟ್ಸಪ್ಪಲ್ಲೇ ಇರುದು.