ಹಾಲ್‌ನ ಮೂಲೆಗೆ ಇಪ್ಪತ್ತು ಕ್ವಿಂಟಲ್

ಕಲಬುರಗಿಯ ಸೇಡಂ ರಸ್ತೆಯ ಕಡೆ ಹೊಸ ಮನೆ ಕಟ್ಟಿಸಿದ್ದ ದಾಲ್ ಮಿಲ್ ಮಾಲೀಕರೊಬ್ಬರು ಅಕ್ವೇರಿಯಂ ಕಟ್ಟುವ ನನ್ನನ್ನು ಕರೆಸಿದ್ದು ಮೀನಿನ ವಿಚಾರ ಮಾತಾಡಲು. ಮೊಬೈಲಿನಲ್ಲಿ ಅರೋವಾನ ಎಂಬ ಮೀನಿನ ಚಿತ್ರ ತೆಗೆದು ಹಿಡಿದುಕೊಂಡೇ ಮೆಟ್ಟಿಲು ಹತ್ತಿಸಿದರು. ಮೊದಲ ಮಹಡಿಯ ಹಾಲ್, ಈಶಾನ್ಯ ಮೂಲೆ. ಎಂಟಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಅಕ್ವೇರಿಯಂ. ಎಲ್ಲವೂ ನಿರ್ಧಾರವಾಗಿತ್ತು.

‘ಮೀನು ಯಾವುದು ಬಿಡೋಣ ಮೇಸ್ತ್ರಿ?’ ಎಂದರು.

‘ಸಾಹುಕಾರರೇ, ನಿಮ್ಮ ಮಿಲ್ಲಿನ ಬೇಳೆ ಚೀಲ ಐವತ್ತು ಕಿಲೋದ್ದಲ್ಲವೇ? ಈ ಮೂಲೆಯಲ್ಲಿ ನಲವತ್ತು ಚೀಲ ಪೇರಿಸಿಡುತ್ತೀರಾ?’

‘ಮಹಡಿಯ ಮೇಲೆ? ನನಗೇನು ತಲೆ ಕೆಟ್ಟಿದೆಯೇ?’

ಅವರು ಕೇಳುತ್ತಿದ್ದ ಟ್ಯಾಂಕಿನ ತೂಕ ಅಷ್ಟೇ. ಲೆಕ್ಕ ಕಷ್ಟದ್ದಲ್ಲ. ಅಳತೆಗಳನ್ನು ಗುಣಿಸಿದರೆ ಐವತ್ತು ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ಗಾಜಿನ ದಪ್ಪ, ಮೇಲೆ ಬಿಡುವ ಎರಡು ಇಂಚು ಖಾಲಿ ಕಳೆದರೂ ಸುಮಾರು 1,200 ಲೀಟರ್. ಲೀಟರಿಗೆ ಒಂದು ಕಿಲೋ. 19 ಮಿ.ಮೀ. ಗಾಜು 320 ಕಿಲೋ. ಕಬ್ಬಿಣದ ಸ್ಟ್ಯಾಂಡು, ಕಲ್ಲು-ಮರಳು, ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ ನಿಲ್ಲುವ ನೀರು ಸೇರಿಸಿದರೆ ಇಪ್ಪತ್ತು ಕ್ವಿಂಟಲ್. ಇದೆಲ್ಲ ಕೂರುವುದು ಇಪ್ಪತ್ತು ಚದರ ಅಡಿಯಲ್ಲಿ. ವಾಸದ ಕೋಣೆಯ ಸ್ಲ್ಯಾಬಿಗೆ ಕಟ್ಟಡದ ಭಾರಗಳ ಭಾರತೀಯ ಮಾನಕ ಐಎಸ್ 875 ಹಿಡಿಯುವ ಬಳಕೆಯ ಭಾರ (ಜನ, ಸಾಮಾನು) ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಇಲ್ಲಿ ಚದರ ಮೀಟರಿಗೆ ಬೀಳುವುದು ಸಾವಿರ ಕಿಲೋ ದಾಟುತ್ತದೆ.

ಐದು ಪಟ್ಟು ಎಂದ ಮಾತ್ರಕ್ಕೆ ಸ್ಲ್ಯಾಬ್ ಮರುದಿನವೇ ಕುಸಿಯುತ್ತದೆ ಎಂದಲ್ಲ. ಕೋಣೆಯ ಉಳಿದ ಜಾಗ ಖಾಲಿ ಇರುತ್ತದೆ, ಟ್ಯಾಂಕ್ ಬೀಮಿನ ಮೇಲೆಯೇ ಬಂದರೆ ಲೆಕ್ಕ ಬೇರೆಯಾಗುತ್ತದೆ. ಆದರೆ ಅದನ್ನು ಹೇಳಬೇಕಾದವರು ಮನೆಯ ನಕ್ಷೆ, ಕಂಬಿಯ ವಿವರ ನೋಡಿದ ಎಂಜಿನಿಯರ್. ನಾನಲ್ಲ, ಮೀನಿನಂಗಡಿಯವನಂತೂ ಅಲ್ಲವೇ ಅಲ್ಲ. ‘ನಮ್ಮ ಮನೆಯಲ್ಲಿ ಮದುವೆ ಮಾತುಕತೆಗೆ ಮೂವತ್ತು ಮಂದಿ ಇದೇ ಹಾಲ್‌ನಲ್ಲಿ ಕೂತಿದ್ದರು’ ಎಂಬ ವಾದವನ್ನು ಬಹಳ ಸಲ ಕೇಳಿದ್ದೇನೆ. ಆ ಮೂವತ್ತು ಮಂದಿ ಊಟ ಮಾಡಿ ಎದ್ದು ಹೋದರು. ನೀರು ಏಳುವುದಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತ ಕಾಂಕ್ರೀಟು ಕಾಣದಷ್ಟು ನಿಧಾನವಾಗಿ ಬಾಗುತ್ತದೆ, ಗಾಜು ಬಾಗಲು ಒಪ್ಪುವುದಿಲ್ಲ. ವಾಸ್ತುವಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಈಶಾನ್ಯದಲ್ಲಿ ಬೀಮ್ ಸಿಕ್ಕರೆ ನನಗೂ ಸಂತೋಷವೇ.

ಹಾಗಾದರೆ ನೆಲ ಅಂತಸ್ತು ಸುರಕ್ಷಿತವೇ? ಕಲಬುರಗಿಯಲ್ಲಿ ಈ ಪ್ರಶ್ನೆಗೆ ‘ಹೌದು’ ಎಂದು ಥಟ್ಟನೆ ಹೇಳಲು ಆಗುವುದಿಲ್ಲ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಾಯಿ ಬಿಡುತ್ತದೆ. ಗೋಡೆಯ ಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ಅಗೆದು ಹಾಕಿರುತ್ತಾರೆ. ಕೋಣೆಯ ನೆಲ ಮಾತ್ರ ತುಂಬಿದ ಮಣ್ಣಿನ ಮೇಲೆ ನಿಂತಿರುತ್ತದೆ. ಅದರ ಮೇಲೆ ಶಹಾಬಾದ್ ಫರ್ಸಿ. ಕಲ್ಲು ಗಟ್ಟಿ, ನಿಜ. ಅದರ ಅಡಿಯಲ್ಲೇನಿದೆ ಎಂದು ಕಲ್ಲು ಹೇಳುವುದಿಲ್ಲ.

ಈ ಪಾಠ ನನಗೆ ನನ್ನ ಮನೆಯಲ್ಲೇ ಆಯಿತು. ಕೆಲಸ ಶುರು ಮಾಡಿದ ಮೂರನೆಯ ವರ್ಷ, ಆರಡಿಯ ಟ್ಯಾಂಕೊಂದನ್ನು ಪಡಸಾಲೆಯ ಫರ್ಸಿಯ ಮೇಲೆ ನೇರವಾಗಿ ಇಟ್ಟಿದ್ದೆ. ನಾಲ್ಕು ಕಾಲಿನ ಸ್ಟ್ಯಾಂಡು, ಒಂದು ಕಾಲು ಎರಡು ಕಲ್ಲುಗಳ ಸಂದಿನ ಹತ್ತಿರ. ಒಂಬತ್ತು ತಿಂಗಳು ಏನೂ ಆಗಲಿಲ್ಲ. ಏಪ್ರಿಲ್ ತಿಂಗಳ ಒಂದು ರಾತ್ರಿ ಅವ್ವ ಎದ್ದು ಕೂತು, ‘ಮಳೆ ಬಂತೇನೋ, ಬಟ್ಟೆ ಒಳಗೆ ತಾ’ ಎಂದಳು. ಆ ಕಲ್ಲು ಕಾಲಿಂಚು ಇಳಿದಿತ್ತು. ಗಾಜಿನ ಕೆಳಮೂಲೆಯಿಂದ ಕೂದಲೆಳೆಯಂಥ ಬಿರುಕು ಓರೆಯಾಗಿ ಮೇಲಕ್ಕೆ ಹೋಗಿತ್ತು. ನೀರು ಅದರ ಉದ್ದಕ್ಕೂ ಸೀಳಿಕೊಂಡು ಬರುತ್ತಿತ್ತು. ಮೀನುಗಳನ್ನು ಹಿಟ್ಟು ನಾದುವ ಪರಾತಕ್ಕೂ ಹಾಕಿ ಉಳಿಸಿಕೊಂಡೆವು. ಅಂದಿನಿಂದ ಕಾಲುಗಳ ಸ್ಟ್ಯಾಂಡು ಮಾಡುವುದನ್ನೇ ಬಿಟ್ಟಿದ್ದೇನೆ. ಭಾರವನ್ನು ಉದ್ದಕ್ಕೂ ಹಂಚುವ ಪೂರ್ತಿ ಚೌಕಟ್ಟು, ಅದರ ಮೇಲೆ ದಪ್ಪ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್, ಆಮೇಲೆ ಗಾಜು. ಮಟ್ಟ ನೋಡಲು ಗೌಂಡಿಗಳು ಬಳಸುವ ನೀರಿನ ಪೈಪೇ ಸಾಕು. ಎಂಟಡಿ ಉದ್ದಕ್ಕೆ ಅದರಷ್ಟು ಪ್ರಾಮಾಣಿಕ ಸಾಧನ ಇನ್ನೊಂದಿಲ್ಲ.

ಸಾಹುಕಾರರ ಮನೆಯಲ್ಲಿ ಕೊನೆಗೆ ಕೆಳಗಿನ ಪಡಸಾಲೆಯನ್ನು ಒಪ್ಪಿಸಿದೆ. ನಾಲ್ಕು ಫರ್ಸಿ ಎಬ್ಬಿಸಿದಾಗ ಅಡಿಯಲ್ಲಿ ಸಿಕ್ಕಿದ್ದು ಅದೇ ಕಪ್ಪು ಮಣ್ಣು, ಪಾಯದ ಗುಂಡಿಯಿಂದ ತೆಗೆದು ಮತ್ತೆ ತುಂಬಿದ್ದು. ಅದನ್ನೆಲ್ಲ ತೋಡಿ ಹೊರಹಾಕಿ, ಮುರುಮು ಹಾಕಿ ಪದರ ಪದರವಾಗಿ ದಮ್ಮಸು ಮಾಡಿಸಿ, ಮೇಲೆ ಕಂಬಿ ಕಟ್ಟಿದ ಕಾಂಕ್ರೀಟಿನ ಹಾಸು ಹಾಕಿಸಿದೆವು. ‘ಮೀನು ಸಾಕಲು ಪಾಯ ತೋಡಿದವನು ಊರಲ್ಲಿ ನಾನೊಬ್ಬನೇ ಇರಬೇಕು’ ಎಂದು ಅವರು ಬೈದದ್ದೋ ಹೆಮ್ಮೆಪಟ್ಟದ್ದೋ ತಿಳಿಯಲಿಲ್ಲ.

ಗಾಜಿನ ವಿಷಯದಲ್ಲಿ ಗಿರಾಕಿಗಳು ಎತ್ತರ ಕೇಳುತ್ತಾರೆ, ನಾನು ಉದ್ದ ಕೊಡುತ್ತೇನೆ. ಗಾಜನ್ನು ಹೊರಕ್ಕೆ ತಳ್ಳುವ ಒತ್ತಡ ನೀರಿನ ಎತ್ತರಕ್ಕೆ ಸಂಬಂಧಿಸಿದ್ದು. ಟ್ಯಾಂಕ್ ಎಷ್ಟು ಅಗಲವಿದೆ ಎಂಬುದು ಆ ಗಾಜಿಗೆ ಗೊತ್ತೇ ಆಗುವುದಿಲ್ಲ. ಈ ಟ್ಯಾಂಕಿನ ಮುಂದಿನ ಗಾಜಿನ ಮೇಲೆ ಒಟ್ಟು ಸುಮಾರು 575 ಕಿಲೋ ನೂಕು ಇರುತ್ತದೆ. ಎತ್ತರ ಅರ್ಧ ಅಡಿ ಏರಿಸಿದರೆ ಅದು 850 ದಾಟುತ್ತದೆ. ಮೂರಡಿ ಆಳದಲ್ಲಿ ಬಿದ್ದ ಕಲ್ಲು ತೆಗೆಯಲು ಕೈಯೂ ಮುಟ್ಟುವುದಿಲ್ಲ. ಇನ್ನು ಎಂಟಡಿಯ ಟ್ಯಾಂಕ್ ಬಾಗಿಲಲ್ಲಿ ತಿರುಗುವುದೇ ಕಷ್ಟ, ಆದ್ದರಿಂದ ಮನೆಯಲ್ಲೇ ಜೋಡಿಸುತ್ತೇವೆ. ಸಿಲಿಕೋನ್ ಅಕ್ವೇರಿಯಮ್ಮಿಗೆಂದೇ ಮಾಡಿದ್ದಾಗಿರಬೇಕು. ಬಚ್ಚಲಿಗೆ ಹಚ್ಚುವ, ಬೂಸ್ಟು ತಡೆಯುವ ಔಷಧಿ ಬೆರೆತ ಸಿಲಿಕೋನ್ ಮೀನಿಗೆ ವಿಷ.

ನಮ್ಮ ಕಡೆಯ ಒಂದು ತಪ್ಪು ತಿಳಿವಳಿಕೆ: ‘ಇಂಥ ಬಿಸಿಲಿಗೆ ಎರಡೇ ದಿನದಲ್ಲಿ ಒಣಗುತ್ತದೆ, ನೀರು ಬಿಡಿ.’ ಸಿಲಿಕೋನ್ ಬಟ್ಟೆಯಂತೆ ಒಣಗುವುದಿಲ್ಲ. ಗಾಳಿಯ ತೇವವನ್ನು ಹೀರಿಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಮೇ ತಿಂಗಳ ನಮ್ಮ ಗಾಳಿಯಲ್ಲಿ ತೇವವೆಲ್ಲಿದೆ? ಹಾಗಾಗಿ ಬೇಸಿಗೆಯಲ್ಲಿ ಕಟ್ಟಿದ ಟ್ಯಾಂಕಿಗೆ ಮಳೆಗಾಲದ್ದಕ್ಕಿಂತ ಹೆಚ್ಚು ದಿನ ಕೊಡುತ್ತೇನೆ. ವಿನೆಗರಿನ ವಾಸನೆ ಪೂರ್ತಿ ಹೋಗುವ ತನಕ ಹತ್ತಿರ ಬಕೆಟ್ ತರಬೇಡಿ ಎನ್ನುತ್ತೇನೆ.

ಈಗ ನೀರು. ಸೇಡಂ, ಚಿತ್ತಾಪುರ, ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಸುಣ್ಣಕಲ್ಲಿನ ಆಸೆಗೆ. ಆ ಸುಣ್ಣ ಬೋರ್‌ವೆಲ್ ನೀರಿನಲ್ಲೂ ಇಳಿದಿರುತ್ತದೆ. ಸ್ನಾನದ ಬಕೆಟ್ಟಿನ ಅಂಚಿನ ಬಿಳಿ ಕರೆಯೇ ಸಾಕ್ಷಿ. ಅರೋವಾನ, ಡಿಸ್ಕಸ್ ಮುಂತಾದವು ಮೆದು ನೀರಿನ ಜೀವಗಳು. ಅವುಗಳಿಗಾಗಿ 1,200 ಲೀಟರ್ ಆರ್‌ಒ ನೀರು ತುಂಬಿಸಬೇಕೆಂದರೆ ಅದಕ್ಕಿಂತ ಹೆಚ್ಚು ನೀರು ಚರಂಡಿಗೆ ಹೋಗುತ್ತದೆ. ನಲ್ಲಿ ನೀರಿಗೆ ದಿನ ಎಣಿಸುವ ಓಣಿಯಲ್ಲಿ ಅಂಥ ಕೆಲಸ ನನ್ನ ಕೈಯಿಂದ ಆಗದು. ಆಫ್ರಿಕಾದ ಮಲಾವಿ, ತಂಗನಿಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಗಡಸು, ಕ್ಷಾರದ ನೀರೇ ತವರು. ಹಳದಿ, ನೀಲಿ, ಪಟ್ಟೆ ಬಣ್ಣಗಳಲ್ಲಿ ಇರುತ್ತವೆ. ನೀರನ್ನು ಮೀನಿಗೆ ತಕ್ಕಂತೆ ಬದಲಿಸುವುದರ ಬದಲು ನೀರಿಗೆ ತಕ್ಕ ಮೀನು ತನ್ನಿ ಎಂದು ಸಾಹುಕಾರರಿಗೆ ಹೇಳಿದೆ. ಅರೋವಾನದ ಚಿತ್ರ ಜೇಬಿಗೆ ಹೋಯಿತು, ಮುಖವೂ ಸಣ್ಣದಾಯಿತು.

ಗಡಸು ನೀರಿನಲ್ಲಿ ಒಂದು ಅಪಾಯವೂ ಇದೆ. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ನೀರು ಕ್ಷಾರವಾದಷ್ಟೂ ಅದರ ವಿಷ ಹೆಚ್ಚು. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ಟ್ಯಾಂಕಿಗೇ ತುಸು ಅಮೋನಿಯಂ ಕ್ಲೋರೈಡ್ ಹಾಕಿ ಅವನ್ನು ಸಾಕುತ್ತೇನೆ. ಕಲಾಯಿಯವರು ಪಾತ್ರೆಗೆ ಉಜ್ಜುತ್ತಿದ್ದ ನವಸಾಗರವೇ ಅದು; ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿ ಬಳಸಿ. ಪ್ರತಿವಾರ ಕಾಲುಭಾಗ ನೀರು ಬದಲಿಸಬೇಕು, ಅಂದರೆ ಇಪ್ಪತ್ತೆರಡು ಬಕೆಟ್. ಕೈಯಲ್ಲಿ ಹೊರುವ ಉತ್ಸಾಹ ಎರಡು ತಿಂಗಳೂ ಬಾಳುವುದಿಲ್ಲ. ಕಟ್ಟುವಾಗಲೇ ಪೈಪು ಹಾಕಿಸಿ, ಹೊರಬಂದ ನೀರನ್ನು ಕರಿಬೇವಿಗೆ ಬಿಡಿ.

ಬೇಸಿಗೆಯ ಬಗ್ಗೆ ಒಂದು ಸಮಾಧಾನದ ಮಾತಿದೆ. ನೀರು 25 ಡಿಗ್ರಿಯಲ್ಲಿದ್ದರೆ ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿಯುತ್ತದೆ, 35ಕ್ಕೆ ಏರಿದರೆ 7ರ ಆಸುಪಾಸಿಗೆ ಇಳಿಯುತ್ತದೆ; ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆದರೆ ನಮ್ಮ ಒಣ ಗಾಳಿಯಲ್ಲಿ ನೀರಿನ ಮೇಲ್ಮೈಗೆ ಬೀಸುವ ಎರಡು ಸಣ್ಣ ಫ್ಯಾನು ಮಣ್ಣಿನ ಹರವಿಯ ಕೆಲಸ ಮಾಡುತ್ತವೆ. ಹತ್ತು ಲೀಟರ್ ಆವಿಯಾದರೆ ಇಷ್ಟು ದೊಡ್ಡ ಟ್ಯಾಂಕಿನಿಂದ ನಾಲ್ಕು ಡಿಗ್ರಿಯಷ್ಟು ಶಾಖ ಹೊರಹೋಗುತ್ತದೆ. ಕೋಣೆ ಅಷ್ಟರಲ್ಲಿ ಒಂದಿಷ್ಟನ್ನು ಮರಳಿ ಕೊಡುತ್ತದೆ, ಆದರೂ ಲಾಭವೇ. ಆವಿಯಾದಷ್ಟನ್ನು ತುಂಬುವಾಗ ಮಾತ್ರ ಆರ್‌ಒ ನೀರು ಹಾಕಿ. ನೀರು ಹೋದರೂ ಸುಣ್ಣ ಒಳಗೇ ಉಳಿದಿರುತ್ತದೆ. ಕರೆಂಟು ಹೋದಾಗ ಏರ್ ಪಂಪ್ ಇನ್ವರ್ಟರಿನಲ್ಲಿ ಓಡುವಂತೆ ಮಾಡಿಸಿ, ಲೈಟು ಆರಿದ್ದರೂ ನಡೆಯುತ್ತದೆ.

ಇನ್ನೊಂದು ಕೋರಿಕೆ: ಕಾಸಿಗೆ ಸಿಗುವ ಸಕ್ಕರ್ ಮೀನು ಅಡಿ ಮೀರಿ ಬೆಳೆಯುತ್ತದೆ. ಸಾಕಾಯಿತೆಂದು ಅದನ್ನು ಕೆರೆಗೋ ಭೀಮೆಗೋ ಬಿಡಬೇಡಿ.

ಸಾಹುಕಾರರ ಟ್ಯಾಂಕ್ ಆರು ವಾರ ಬರೀ ನೀರು, ಕಲ್ಲು ಹೊತ್ತು ನಿಂತಿತು. ಬಂದ ಬೀಗರೆಲ್ಲ ‘ಮೀನೆಲ್ಲಿ?’ ಎಂದು ಕೇಳುವವರೇ. ‘ನೀರು ಹಣ್ಣಾಗುತ್ತಿದೆ’ ಎಂದು ಅವರು ನನ್ನ ಮಾತನ್ನೇ ಒಪ್ಪಿಸುತ್ತಿದ್ದರಂತೆ. ಕೊನೆಗೊಂದು ಸಂಜೆ ಪ್ಲಾಸ್ಟಿಕ್ ಚೀಲಗಳಲ್ಲಿ ಹನ್ನೆರಡು ಸಿಕ್ಲಿಡ್ ತಂದು ಬಿಟ್ಟೆ, ಒಂದೊಂದೂ ಹೆಬ್ಬೆರಳಿನಷ್ಟು. ಬಿಟ್ಟ ಕೂಡಲೇ ಕಲ್ಲಿನ ಸಂದಿಗೆ ನುಗ್ಗಿ ಕಾಣದಾದವು. ಸಾಹುಕಾರರು ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿ, ‘ಇಪ್ಪತ್ತು ಕ್ವಿಂಟಲಿಗೆ ಇಷ್ಟೇನಾ ಮೇಸ್ತ್ರಿ?’ ಎಂದರು.